ಸಿಮ್ಯುಲೇಟರಿನ ಸೆಸ್ನಾ ಎಷ್ಟು ಖರೆ?

ಪ್ರಶ್ನೆ: ಸರ, ನಾ ಹುಬ್ಬಳ್ಳಿ ಗೋಕುಲ ರೋಡಿನಾಂವ, ಬಿ.ಇ. ಮೂರನೇ ವರ್ಷ ಓದಾಕತ್ತೀನಿ. ಮನ್ಯಾಗ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಹಚ್ಚಿ ಸಿಮ್ಯುಲೇಟರಿನ್ಯಾಗ ಸೆಸ್ನಾ 172 ಅನ್ನೂ ಸಣ್ಣ ವಿಮಾನ ಹಾರಸ್ತೀನಿ. ಟೇಕಾಫ್‌ಗೆ ಓಡೂ ಮುಂದ ಒಂದು ಸಿಮ್ಯುಲೇಟರಿನ್ಯಾಗ ವಿಮಾನ ನೆಟ್ಟಗ ಹೊಕ್ಕೈತಿ, ಇನ್ನೊಂದರಾಗ ಅದ ವಿಮಾನ ಎಡಕ್ಕ ಎಳೀತೈತಿ. ಎರಡರಾಗ ಖರೆ ಯಾವುದ್ರಿ? ಮುಂದ ಬೆಳಗಾವ್ಯಾಗ ಪೈಲಟ್ ಟ್ರೇನಿಂಗ್ ಸೇರಬೇಕಂತ ಮಾಡೀನಿ. ಮನ್ಯಾಗ ಕಲ್ತದ್ದು ಅಲ್ಲಿ ಉಪಯೋಗಕ್ಕ ಬರತೈತೇನು, ಇಲ್ಲಾ ಕೈ ಕೆಡತೈತೇನು? ಈ ತಾಸು ಲೆಕ್ಕಕ್ಕ ಹಿಡೀತಾರೇನ್ರಿ? ಏನರ ಕೊಳ್ಳೂದಿದ್ರ ಯೋಕ್ (ಸ್ಟೀರಿಂಗಿನಂಥ ಹಿಡಿಕಿ) ಕೊಳ್ಳಲ್ಯೋ, ಪೆಡಲ್ ಕೊಳ್ಳಲ್ಯೋ?

ಉತ್ತರ: ಎಡಕ್ಕೆ ಎಳೆಯುವ ಮಾತನ್ನು ಮೊದಲು ಮುಗಿಸೋಣ. ನಿಮ್ಮ ಎರಡರಲ್ಲಿ ಎಡಕ್ಕೆ ಎಳೆಯುವುದೇ ನಿಜಕ್ಕೆ ಹತ್ತಿರ. ಸೆಸ್ನಾದ ಪ್ರೊಪೆಲ್ಲರ್ ಪೈಲಟ್ ಕುಳಿತಲ್ಲಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಸುತ್ತು ತಿರುಗುತ್ತದೆ. ಅದು ಹಿಂದಕ್ಕೆ ತಳ್ಳಿದ ಗಾಳಿ ವಿಮಾನದ ಮೈಸುತ್ತ ಸುರುಳಿಯಾಗಿ ಬಂದು ಬಾಲದ ನೆಟ್ಟನೆಯ ಫಿನ್ನಿನ ಎಡಮಗ್ಗುಲಿಗೆ ಬಡಿಯುತ್ತದೆ. ಬಾಲ ಬಲಕ್ಕೆ ಸರಿದರೆ ಮೂತಿ ಎಡಕ್ಕೆ. ಇದರ ಜೊತೆಗೆ ಎಂಜಿನ್ನಿನ ತಿರುಚುಬಲ ಎಡಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಮೂತಿ ಎತ್ತಿದ ಮೇಲೆ, ಕೆಳಗಿಳಿಯುವ ಬಲಗಡೆಯ ಅಲಗು ಮೇಲೇರುವ ಅಲಗಿಗಿಂತ ಹೆಚ್ಚು ಎಳೆಯುವುದೂ ಸೇರಿಕೊಳ್ಳುತ್ತದೆ. ಇಷ್ಟಕ್ಕೂ ಮದ್ದು ಬಲಗಾಲಿನ ರಡ್ಡರ್ (ಪೆಡಲ್ ತುಳಿದಾಗ ತಿರುಗುವ, ಫಿನ್ನಿನ ಹಿಂದಿನ ಹಲಗೆ). ನೆಟ್ಟಗೆ ಓಡುವ ಸಿಮ್ಯುಲೇಟರಿನಲ್ಲಿ ಬಹುಮಟ್ಟಿಗೆ ‘ಆಟೊ ರಡ್ಡರ್’ ಚಾಲೂ ಇರುತ್ತದೆ, ನಿಮ್ಮ ಪರವಾಗಿ ಕಂಪ್ಯೂಟರೇ ಪೆಡಲ್ ತುಳಿಯುತ್ತಿರುತ್ತದೆ. ಸಹಾಯದ ಆಯ್ಕೆಗಳಲ್ಲಿ ಅದನ್ನು ತೆಗೆಯಿರಿ.

ಎಳೆತ ನಿಜದ್ದೋ ಯಂತ್ರದ ದೋಷವೋ ಎಂದು ತಿಳಿಯಲು, ಗಾಳಿಯನ್ನು ಸೊನ್ನೆಗೆ ಇಟ್ಟು ರನ್‌ವೇಯಲ್ಲಿ 40 ನಾಟ್‌ವರೆಗೆ (ಗಂಟೆಗೆ ಸುಮಾರು 74 ಕಿ.ಮೀ.) ಓಡಿಸಿ, ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಎಳೆತ ಕೂಡಲೇ ಸಡಿಲಾದರೆ ಅದು ಪ್ರೊಪೆಲ್ಲರಿನದು. ಥ್ರಾಟಲ್ ಇಳಿಸಿದ ಮೇಲೂ ಅಷ್ಟೇ ಎಳೆದರೆ ಜಾಯ್‌ಸ್ಟಿಕ್ಕಿನ ತಿರುಚುವ ಅಕ್ಷ ನಡುವಿಗೆ ನಿಂತಿಲ್ಲ. ಮತ್ತೆ ಕ್ಯಾಲಿಬ್ರೇಟ್ ಮಾಡಿ, ನಡುವೆ 3ರಿಂದ 5 ಪ್ರತಿಶತ ಡೆಡ್ ಝೋನ್ (ಕೋಲು ತುಸು ಅಲುಗಿದರೂ ಲೆಕ್ಕಕ್ಕೆ ಬಾರದ ಜಾಗ) ಕೊಡಿ.

ಇನ್ನು ‘ಖರೆ ಯಾವುದು’ ಎಂಬ ದೊಡ್ಡ ಪ್ರಶ್ನೆ. ಇದಕ್ಕೆ ಸಿಮ್ಯುಲೇಟರಿನ ಹೆಸರು ಹೇಳಿ ಉತ್ತರ ಕೊಡಲು ಬರುವುದಿಲ್ಲ. ಒಂದೇ ಸಿಮ್ಯುಲೇಟರ್ ಏರುವ ವೇಗದಲ್ಲಿ ಕರಾರುವಾಕ್ಕಾಗಿದ್ದು, ಗಾಲಿ ನೆಲ ಮುಟ್ಟುತ್ತಲೇ ಸುಳ್ಳು ಹೇಳಬಹುದು. ಕೇಳಬೇಕಾದದ್ದು ಹೀಗೆ: ಯಾವ ಅಳತೆಯಲ್ಲಿ, ಯಾವುದರೊಂದಿಗೆ ಹೋಲಿಸಿ, ಎಷ್ಟು ವ್ಯತ್ಯಾಸದೊಳಗೆ? ವಿಮಾನ ಕಂಪನಿಗಳ ತರಬೇತಿಯ ಸಿಮ್ಯುಲೇಟರಿಗೆ ಮಂಜೂರಾತಿ ಸಿಗುವುದೂ ಹೀಗೆಯೇ. ಅವುಗಳಲ್ಲಿ ಅತಿ ಮೇಲಿನ ದರ್ಜೆ ಲೆವೆಲ್ ಡಿ. ತಯಾರಕರು ನಿಜವಾದ ವಿಮಾನಕ್ಕೆ ಅಳತೆಯ ಉಪಕರಣ ಕಟ್ಟಿ ಹಾರಿಸಿ ತಂದ ದಾಖಲೆಯ ಪಕ್ಕದಲ್ಲಿ ಸಿಮ್ಯುಲೇಟರಿನ ಗೆರೆಯನ್ನು ಇಟ್ಟು ನೋಡುತ್ತಾರೆ. ಟೇಕಾಫ್ ಓಟದ ದೂರ 5 ಪ್ರತಿಶತ ಅಥವಾ 61 ಮೀಟರಿನೊಳಗೆ ಕೂಡಬೇಕು. ಸ್ಟಾಲ್ ಆಗುವ (ರೆಕ್ಕೆ ಎತ್ತುಬಲ ಕಳೆದುಕೊಳ್ಳುವ) ವೇಗ 3 ನಾಟ್ ಒಳಗೆ, ಇಳಿಯುವಾಗಿನ ಮೂತಿಯ ಕೋನ ಒಂದೂವರೆ ಡಿಗ್ರಿ ಒಳಗೆ ಇರಬೇಕು. ಪೈಲಟ್ ಹಿಡಿಯುವ ಕೋಲನ್ನು ಎಳೆಯಲು ಬೇಕಾಗುವ ಬಲಕ್ಕೂ ಇಂಥದೇ ಮಿತಿ ಇದೆ. ಈ ಪರೀಕ್ಷೆಗಳನ್ನು ಒಮ್ಮೆ ಮಾಡಿ ಬಿಡುವುದಿಲ್ಲ, ಮತ್ತೆ ಮತ್ತೆ ನಡೆಸುತ್ತಲೇ ಇರುತ್ತಾರೆ.

ಇಷ್ಟು ಮಾಡಿಯೂ, ದಾಖಲೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆ ಲೆವೆಲ್ ಡಿ ಕೂಡ ಊಹೆಯ ಮೇಲೆಯೇ ನಡೆಯುತ್ತದೆ. ಪ್ರಯಾಣಿಕ ವಿಮಾನವನ್ನು ಪೂರ್ತಿ ಸ್ಟಾಲ್ ಆಚೆಗೆ ತಳ್ಳಿ ಅಳೆದ ದಾಖಲೆ ಕಡಿಮೆ. ಹೀಗಾಗಿ ಬಹಳ ಕಾಲ ಸಿಮ್ಯುಲೇಟರುಗಳು ಸ್ಟಾಲಿನ ಅಂಚಿಗೆ ಬಂದು ನಿಲ್ಲುತ್ತಿದ್ದವು, ಪೈಲಟ್‌ಗಳು ಎಚ್ಚರಿಕೆ ಬಂದೊಡನೆ ಎತ್ತರ ಕಳೆದುಕೊಳ್ಳದೆ ಹೊರಬರುವುದನ್ನಷ್ಟೇ ಕಲಿಯುತ್ತಿದ್ದರು. 2009ರಲ್ಲಿ ಅಮೆರಿಕದ ಬಫಲೊ ಬಳಿ ಬಿದ್ದ ಕ್ಯೂ400 ವಿಮಾನ, ಅದೇ ವರ್ಷ ಅಟ್ಲಾಂಟಿಕ್‌ಗೆ ಬಿದ್ದ ಎ330 ಎರಡರಲ್ಲೂ ಸ್ಟಾಲ್ ಆದಾಗ ಕೋಲನ್ನು ಮುಂದಕ್ಕೆ ಒತ್ತುವ ಬದಲು ಹಿಂದಕ್ಕೆ ಎಳೆಯಲಾಗಿತ್ತು. ಅಮೆರಿಕದ ನಿಯಮ 2016ರಲ್ಲಿ ಬದಲಾಗಿ ಪೂರ್ತಿ ಸ್ಟಾಲಿನ ಮಾದರಿಯನ್ನು ಕೇಳಿತು, 2019ರ ಮಾರ್ಚಿನಿಂದ ಅಲ್ಲಿಯ ವಿಮಾನ ಕಂಪನಿಗಳಲ್ಲಿ ಆ ತರಬೇತಿ ಕಡ್ಡಾಯವಾಯಿತು. ಬೋಯಿಂಗಿನ 737 ಮ್ಯಾಕ್ಸ್ ವಿಮಾನದ ವಿಷಯದಲ್ಲೂ ಹಾಗೆಯೇ ಆಯಿತು. ಹೆಚ್ಚು ವೇಗದಲ್ಲಿ ಟ್ರಿಮ್ ಚಕ್ರವನ್ನು (ಕೋಲಿನ ಮೇಲಿನ ಒತ್ತಡ ಕಳೆಯುವ ಚಕ್ರ) ಕೈಯಿಂದ ತಿರುಗಿಸಲು ಎಷ್ಟು ಬಲ ಬೇಕೆಂಬುದನ್ನು ಸಿಮ್ಯುಲೇಟರ್ ಸರಿಯಾಗಿ ತೋರಿಸುತ್ತಿರಲಿಲ್ಲ. 2019ರ ಮೇ ತಿಂಗಳಲ್ಲಿ ಬೋಯಿಂಗ್ ಸಿಮ್ಯುಲೇಟರಿನ ತಂತ್ರಾಂಶ ತಿದ್ದಿರುವುದಾಗಿ ಹೇಳಿತು.

‘ಕೈ ಕೆಡತೈತೇನು’ ಎಂದು ಕೇಳಿದಿರಲ್ಲ, ಅದು ಬರೀ ಅಂಜಿಕೆ ಅಲ್ಲ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಒಂದು ಎ300 ವಿಮಾನ ಮುಂದಿನ ವಿಮಾನದ ಗಾಳಿಸುಳಿಗೆ ಸಿಕ್ಕಿತು. ಸಹಪೈಲಟ್ ರಡ್ಡರನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಪೂರ್ತಿ ತುಳಿದಾಗ ಬಾಲದ ಫಿನ್ನೇ ಕಿತ್ತುಹೋಯಿತು. ತನಿಖಾ ಮಂಡಳಿ ಆ ವಿಮಾನದ ರಡ್ಡರ್ ವಿನ್ಯಾಸದ ಜೊತೆಗೆ ಕಂಪನಿಯ ತರಬೇತಿಯ ಅಂಶಗಳನ್ನೂ ಕಾರಣಗಳ ಸಾಲಿಗೆ ಸೇರಿಸಿತು. ಆ ತರಬೇತಿಯ ಒಂದು ಪಾಠದಲ್ಲಿ, ವಿಮಾನ ಚೆನ್ನಾಗಿ ವಾಲುವವರೆಗೆ ಪೈಲಟ್ ತಿರುಗಿಸಿದ್ದಕ್ಕೆ ಸ್ಪಂದಿಸದಂತೆ ಸಿಮ್ಯುಲೇಟರನ್ನು ಹೊಂದಿಸಿದ್ದರು. ಅಂಥದರಲ್ಲಿ ಪಳಗಿದ ಕೈಗೆ, ದೊಡ್ಡದಾಗಿ ತಿರುಗಿಸದೆ ವಿಮಾನ ಮಾತು ಕೇಳುವುದಿಲ್ಲ ಎಂಬ ರೂಢಿ ಬೀಳುತ್ತದೆ.

ಈಗ ಮನೆಯ ಸಿಮ್ಯುಲೇಟರುಗಳು. ಒಳಗಿನ ಲೆಕ್ಕ ಮುಖ್ಯವಾಗಿ ಎರಡು ಬಗೆ. ಫ್ಲೈಟ್‌ಗಿಯರ್ ಬಳಸುವ ಜೆಎಸ್‌ಬಿಸಿಮ್‌ನಂಥವು ಕೋಷ್ಟಕ ಓದುತ್ತವೆ: ಗಾಳಿಗೆ ರೆಕ್ಕೆ ಇಷ್ಟು ಕೋನದಲ್ಲಿದ್ದರೆ ಎತ್ತುಬಲ ಇಷ್ಟು, ಎಲಿವೇಟರ್ (ಬಾಲದ ಅಡ್ಡ ಹಲಗೆ) ಇಷ್ಟು ಸರಿದರೆ ಮೂತಿ ಇಷ್ಟು ಏಳುತ್ತದೆ, ಹೀಗೆ. ಎಕ್ಸ್-ಪ್ಲೇನ್ ರೆಕ್ಕೆ, ಬಾಲ, ಪ್ರೊಪೆಲ್ಲರುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಪ್ರತಿ ಪಟ್ಟಿಯ ಮೇಲಿನ ಬಲವನ್ನು ಪ್ರತಿ ಫ್ರೇಮಿಗೂ ಲೆಕ್ಕ ಹಾಕಿ ಕೂಡಿಸುತ್ತದೆ. ಮೈಕ್ರೋಸಾಫ್ಟಿನದು 2020ರ ಆವೃತ್ತಿಯಿಂದ ವಿಮಾನದ ಮೈಯನ್ನು ಸುಮಾರು ಸಾವಿರ ತುಣುಕು ಮಾಡಿ ಲೆಕ್ಕ ಹಾಕುತ್ತದೆ. ಪಟ್ಟಿಯ ಲೆಕ್ಕ ಕೇಳಲು ಹೆಚ್ಚು ವೈಜ್ಞಾನಿಕ ಅನ್ನಿಸುತ್ತದೆ, ಆದರೆ ಒಂದು ಪಟ್ಟಿಯ ಗಾಳಿ ಪಕ್ಕದ ಪಟ್ಟಿಯನ್ನು ಹೇಗೆ ಕದಡುತ್ತದೆ ಎಂಬುದನ್ನು ಅದೂ ಅಂದಾಜು ಮಾಡಲೇಬೇಕು. ಒಳ್ಳೆಯ ಅಳತೆಯಿಂದ ತುಂಬಿದ ಹಳೇ ಕೋಷ್ಟಕ ಎಷ್ಟೋ ಸಲ ಅದಕ್ಕಿಂತ ವಾಸಿ.

ಹೆಸರಿನ ಜಗಳ ಬಿಟ್ಟು ನೀವೇ ಪರೀಕ್ಷೆ ಮಾಡಿ ನೋಡ್ರಿ. ಬೇಕಾದದ್ದು ಆ ವಿಮಾನದ ಪೈಲಟ್ ಕೈಪಿಡಿ, ಒಂದು ಸ್ಟಾಪ್‌ವಾಚ್. ಮೊದಲು ಮಾದರಿ ಯಾವುದೆಂದು ಖಾತ್ರಿ ಮಾಡಿಕೊಳ್ಳಿ: ಫ್ಲೈಟ್‌ಗಿಯರಿನಲ್ಲಿ ಬರುವುದು 172ಪಿ, ಅದು 160 ಅಶ್ವಶಕ್ತಿ, ಗರಿಷ್ಠ ತೂಕ 2,400 ಪೌಂಡ್. ಎಕ್ಸ್-ಪ್ಲೇನ್, ಮೈಕ್ರೋಸಾಫ್ಟಿನದು 172ಎಸ್, 180 ಅಶ್ವಶಕ್ತಿ, 2,550 ಪೌಂಡ್. ಒಂದರ ಕೈಪಿಡಿ ಹಿಡಿದು ಇನ್ನೊಂದನ್ನು ಬೈಯಬಾರದು. ತೆರೆದೊಡನೆ ಸಿಗುವ ವಿಮಾನದಲ್ಲಿ ತೂಕ ಕಡಿಮೆಯಿರಬಹುದು, ಅದನ್ನು 2,550ಕ್ಕೆ ಏರಿಸಿ. ಲೈವ್ ಹವಾಮಾನ ತೆಗೆದು ಗಾಳಿ ಸೊನ್ನೆ, ಒತ್ತಡ 1013 ಮಿಲಿಬಾರ್ ಇಡಿ. ಕೆಳಗಿನ ಅಂಕಿಗಳೆಲ್ಲ 172ಎಸ್‌ನವು.

ನಮ್ಮ ಹುಬ್ಬಳ್ಳಿ ನಿಲ್ದಾಣವೇ ಒಳ್ಳೆಯ ಪರೀಕ್ಷೆಯ ಜಾಗ. ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರ. ತಾಪಮಾನ 40 ಡಿಗ್ರಿಗೆ ಇಟ್ಟರೆ ಗಾಳಿ 5,700 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಸುಮಾರು 960 ಅಡಿ ಓಡಿ ಮೇಲೇಳುವ ವಿಮಾನಕ್ಕೆ, ಕೈಪಿಡಿಯ ಕೋಷ್ಟಕದಲ್ಲಿ 2,000 ಅಡಿ ಎತ್ತರ, 40 ಡಿಗ್ರಿಗೆ 1,380 ಅಡಿ ಎಂದಿದೆ, ಅಂದರೆ 420 ಮೀಟರ್. ಹುಬ್ಬಳ್ಳಿ ಇನ್ನೂ ತುಸು ಎತ್ತರ, ಅಷ್ಟು ಸೇರಿಸಿಕೊಳ್ಳಿ. ಫ್ಲ್ಯಾಪ್ (ರೆಕ್ಕೆಯ ಹಿಂದೆ ಕೆಳಕ್ಕೆ ಇಳಿಯುವ ಹಲಗೆ) 10 ಡಿಗ್ರಿ, ಬ್ರೇಕ್ ಹಿಡಿದೇ ಪೂರ್ತಿ ಥ್ರಾಟಲ್, ಆಮೇಲೆ ಬ್ರೇಕ್ ಬಿಟ್ಟು 51 ನಾಟ್‌ಗೆ ಎತ್ತಿರಿ. ರನ್‌ವೇ ಅಂಚಿನ ದೀಪಗಳ ನಡುವೆ ಹೆಚ್ಚೆಂದರೆ 60 ಮೀಟರ್ ಅಂತರ ಇರುತ್ತದೆ, ಆದ್ದರಿಂದ ಏಳನೇ ದೀಪದ ಆಸುಪಾಸಿನಲ್ಲಿ ಗಾಲಿ ಏಳಬೇಕು. ನಾಲ್ಕೈದಕ್ಕೇ ಎದ್ದರೆ ಬಿಸಿಲಿಗೆ ಎಂಜಿನ್ ಸೊರಗುವುದನ್ನು ಆ ಸಿಮ್ಯುಲೇಟರ್ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೆಲವುಗಳಲ್ಲಿ ನೀವು ಹಾಕುವ ತಾಪಮಾನ ಸಮುದ್ರಮಟ್ಟದ್ದು ಎಂದಿರುತ್ತದೆ, ಆದ್ದರಿಂದ ಕಾಕ್‌ಪಿಟ್ಟಿನ ಥರ್ಮಾಮೀಟರ್ 40 ತೋರಿಸುತ್ತಿದೆಯೇ ನೋಡಿಯೇ ಹೊರಡಿ. ರನ್‌ವೇ ಉದ್ದವನ್ನೂ ನಕ್ಷೆಯಲ್ಲಿ ನೋಡಿ. ಈಗಿನದು ಸುಮಾರು 2,600 ಮೀಟರ್, ಹಳೆಯದು 1,670ರ ಆಸುಪಾಸಿನದಿತ್ತು. ಹಳೇ ದೃಶ್ಯದ ಕಡತ ಹಾಕಿಕೊಂಡವರಿಗೆ ಹಳೇ ರನ್‌ವೇಯೇ ಸಿಗುತ್ತದೆ.

ಎರಡನೆಯದು ಸ್ಟಾಲ್. 5,000 ಅಡಿಯಲ್ಲಿ ಥ್ರಾಟಲ್ ಇಳಿಸಿ, ಫ್ಲ್ಯಾಪ್ ಇಲ್ಲದೆ, ಸೆಕೆಂಡಿಗೆ ಒಂದು ನಾಟ್‌ನಂತೆ ವೇಗ ಇಳಿಸುತ್ತ ಬನ್ನಿ. ಎಚ್ಚರಿಕೆಯ ಸದ್ದು 5ರಿಂದ 10 ನಾಟ್ ಮೊದಲೇ ಬರಬೇಕು, ಸ್ಟಾಲ್ 48ರ ಹತ್ತಿರ ಆಗಬೇಕು, ಪೂರ್ತಿ ಫ್ಲ್ಯಾಪಿನಲ್ಲಿ 40. ಈ ಅಂಕಿ ಬಹಳ ಸಿಮ್ಯುಲೇಟರುಗಳಲ್ಲಿ ಚೆನ್ನಾಗಿ ಕೂಡುತ್ತದೆ. ಆದರೆ 48 ಬಂತೆಂದು ಸ್ಟಾಲ್ ಖರೆ ಆಯಿತೆಂದು ತಿಳಿಯಬೇಡಿ. ನಿಜದಲ್ಲಿ ರೆಕ್ಕೆಯ ಮೇಲಿನ ಗಾಳಿ ಒಂದೇ ಸಮ ಕಿತ್ತುಹೋಗುವುದಿಲ್ಲ. ಚೆಂಡು (ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಉಪಕರಣದ ಗುಂಡು) ಸ್ವಲ್ಪ ಆಚೆ ಇದ್ದರೆ ಒಂದು ರೆಕ್ಕೆ ಮೊದಲು ಸೋತು ಕೆಳಗೆ ಬೀಳುತ್ತದೆ, ಅದೂ ಪ್ರತಿ ಸಲ ಒಂದೇ ಥರ ಅಲ್ಲ. ಸಿಮ್ಯುಲೇಟರ್ ಮಾತ್ರ ಅದೇ ಸ್ಥಿತಿಗೆ ಅದೇ ಉತ್ತರ ಕೊಡುತ್ತದೆ. ಇನ್ನು ಸ್ಪಿನ್ (ಸ್ಟಾಲ್ ಆದ ವಿಮಾನ ಗಿರಗಿರ ತಿರುಗುತ್ತ ಬೀಳುವುದು): ಮನೆಯ ಸಿಮ್ಯುಲೇಟರಿನಲ್ಲಿ ಸ್ಪಿನ್ ಬಿಡಿಸಿದೆನೆಂದು ಯಾವ ಧೈರ್ಯವನ್ನೂ ಕಟ್ಟಿಕೊಳ್ಳಬೇಡಿ.

ಮೂರನೆಯದು ಹೆಚ್ಚು ಜನ ಮಾಡದ, ಆದರೆ ಬಹಳ ಹೇಳಿಕೊಡುವ ಪರೀಕ್ಷೆ. 90 ನಾಟ್‌ಗೆ ಸರಿಯಾಗಿ ಟ್ರಿಮ್ ಮಾಡಿ, ಕೋಲನ್ನು ಮೆಲ್ಲಗೆ ಎಳೆದು ವೇಗ 80ಕ್ಕೆ ಇಳಿಸಿ, ಆಮೇಲೆ ಕೈ ಬಿಟ್ಟುಬಿಡಿ. ವಿಮಾನ ಮೂತಿ ಇಳಿಸಿ ವೇಗ ಗಳಿಸುತ್ತದೆ, ಮತ್ತೆ ಮೇಲೇರಿ ವೇಗ ಕಳೆಯುತ್ತದೆ, ಹೀಗೆ ಅಲೆಯಾಡುತ್ತ ನಿಧಾನ ಶಾಂತವಾಗುತ್ತದೆ. ಒಂದು ಅಲೆಗೆ ಹಿಡಿಯುವ ಸೆಕೆಂಡು ಹೆಚ್ಚುಕಡಿಮೆ ವೇಗದ 0.45ರಷ್ಟು (ವೇಗ ಸೆಕೆಂಡಿಗೆ ಮೀಟರಿನ ಲೆಕ್ಕದಲ್ಲಿ). 90 ನಾಟ್ ಅಂದರೆ 46 ಮೀಟರ್, ಆದ್ದರಿಂದ 21 ಸೆಕೆಂಡಿನ ಸುತ್ತಮುತ್ತ. 20ರಿಂದ 25 ಬಂದರೆ ಸರಿ. ಒಂದೇ ಅಲೆಗೆ ಸುಮ್ಮನೆ ನಿಂತುಬಿಟ್ಟರೆ ಆಟಗಾರರಿಗೆ ಸುಲಭವಾಗಲೆಂದು ಸ್ಥಿರತೆಯನ್ನು ಕೃತಕವಾಗಿ ತುಂಬಿದ್ದಾರೆ ಎಂದರ್ಥ.

ಉಳಿದವು ಬೇಗ ಮುಗಿಯುತ್ತವೆ. ಮಿಕ್ಸ್ಚರ್ (ಎಂಜಿನ್ನಿನ ಇಂಧನದ ಹಿಡಿಕೆ) ಎಳೆದು ಎಂಜಿನ್ ನಿಲ್ಲಿಸಿ 68 ನಾಟ್‌ನಲ್ಲಿ ತೇಲಿದರೆ 1,000 ಅಡಿಗೆ ಒಂದೂವರೆ ನಾಟಿಕಲ್ ಮೈಲು ಹೋಗಬೇಕು. ಪೆಡಲ್ ಮುಟ್ಟದೆ ಬಲಕ್ಕೆ ತಿರುಗಿಸಿದರೆ ಮೂತಿ ಮೊದಲು ತುಸು ಎಡಕ್ಕೆ ಸರಿದು ಚೆಂಡು ಒಳಕ್ಕೆ, ಬಲಕ್ಕೆ ಜಾರಬೇಕು. ಚೆಂಡು ಅಲುಗದಿದ್ದರೆ ಆಟೊ ರಡ್ಡರ್ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ಕೂಡಿದರೂ ನಿಮ್ಮ ಕೈಗೆ ಸಿಗುವುದು ಬೇರೆ. ಕೈ ಕೆಡುವ ಮುಖ್ಯ ಜಾಗ ಜಾಯ್‌ಸ್ಟಿಕ್ಕಿನ ಸ್ಪ್ರಿಂಗ್. ನಿಜವಾದ ಸೆಸ್ನಾದಲ್ಲಿ ಕೋಲಿನ ಬಿಗಿತ ವೇಗದ ವರ್ಗದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಬಿಗಿತ ನಾಲ್ಮಡಿ. ಸ್ಟಾಲಿನ ಹತ್ತಿರ ಕೋಲು ಸಡಿಲ ಸಡಿಲ. ಮನೆಯ ಸ್ಪ್ರಿಂಗಿಗೆ ನಿಂತಾಗಲೂ 120 ನಾಟ್‌ನಲ್ಲೂ ಒಂದೇ ಬಿಗಿ. ಟ್ರಿಮ್ ವಿಷಯ ಇನ್ನೂ ತಿರುವುಮುರುವು. ನಿಜದಲ್ಲಿ ಕೋಲನ್ನು ಬೇಕಾದ ಜಾಗದಲ್ಲಿ ಹಿಡಿದು, ಕೈ ಮೇಲಿನ ಒತ್ತಡ ಕರಗುವವರೆಗೆ ಟ್ರಿಮ್ ಚಕ್ರ ತಿರುಗಿಸುತ್ತೀರಿ. ಕೋಲು ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಟ್ರಿಮ್ ತಿರುಗಿಸುತ್ತ ಕೋಲನ್ನು ನಡುವಿಗೆ ಬಿಡುತ್ತ ಬರಬೇಕು. ಇದರಿಂದ ಟ್ರಿಮ್ ಚಕ್ರದಿಂದಲೇ ವಿಮಾನ ಹಾರಿಸುವ ರೂಢಿ ಬೀಳುತ್ತದೆ, ಬೆಳಗಾವಿಯಲ್ಲಿ ಬೋಧಕರು ಮೊದಲ ವಾರ ಬಿಡಿಸುವುದು ಇದನ್ನೇ. ಮನೆಯಲ್ಲೂ ಕ್ರಮ ತಪ್ಪಿಸಬೇಡಿ: ಮೊದಲು ಮೂತಿಯ ಕೋನ, ಆಮೇಲೆ ಪವರ್, ಕೊನೆಗೆ ಟ್ರಿಮ್.

ಎರಡನೇ ಜಾಗ ಕಣ್ಣು. 24 ಇಂಚಿನ ಮಾನಿಟರ್ 53 ಸೆಂ.ಮೀ. ಅಗಲ. 60 ಸೆಂ.ಮೀ. ದೂರದಿಂದ ನೋಡಿದರೆ ಅದು ನಿಮ್ಮ ಕಣ್ಣಿಗೆ 48 ಡಿಗ್ರಿ ಮಾತ್ರ. ಸೆಟ್ಟಿಂಗ್‌ನಲ್ಲಿ ನೋಟದ ಅಗಲ 90 ಡಿಗ್ರಿ ಇಟ್ಟುಕೊಂಡರೆ ಪರದೆಯ ನಡುವಿನ ರನ್‌ವೇ ನಿಜಕ್ಕಿಂತ ಎರಡೂಕಾಲು ಪಟ್ಟು ಸಣ್ಣದಾಗಿ, ಅಷ್ಟೇ ದೂರ ಇದ್ದಂತೆ ಕಾಣುತ್ತದೆ. ಇಳಿಯುವಾಗ ಮೂತಿ ಎತ್ತುವ ಹೊತ್ತು ತಪ್ಪಿ ಗಾಲಿ ಬಡಿಯುವುದಕ್ಕೆ ಬಹುಪಾಲು ಇದೇ ಕಾರಣ, ವಿಮಾನದ ಲೆಕ್ಕವಲ್ಲ. ಇಳಿಯುವ ಅಭ್ಯಾಸಕ್ಕೆ 48ರಿಂದ 50 ಇಟ್ಟು ನೋಡಿ, ಇಕ್ಕೆಲ ಕಾಣದಿದ್ದರೂ ಪರವಾಗಿಲ್ಲ. ಹಾಗೆಂದು ಫ್ಲೇರ್ (ನೆಲ ಮುಟ್ಟುವ ಮುನ್ನ ಮೂತಿ ಎತ್ತುವುದು) ಪೂರ್ತಿ ಬರುವುದಿಲ್ಲ, ನೆಲದ ಎತ್ತರವನ್ನು ಪೈಲಟ್ ಹಿಡಿಯುವುದು ಬಹುಮಟ್ಟಿಗೆ ಕಣ್ಣಿನ ಅಂಚಿನಿಂದ. ಕಣ್ಣಿನ ಗುರುತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2015ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲೇ ಒಂದು ಟರ್ಬೊಪ್ರಾಪ್ ಮಳೆಯಲ್ಲಿ ಇಳಿದು ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು. ನೆಲ ಮುಟ್ಟಿದ ಮೇಲೆ ಹೊರಗಿನ ಗುರುತು ಕಾಣದಾದದ್ದನ್ನೇ ತನಿಖೆ ಕಾರಣವೆಂದು ಹೇಳಿತು.

ಮೂರನೆಯದು ತಡ. ಲೆವೆಲ್ ಡಿಯಲ್ಲಿ ಪೈಲಟ್ ಕೋಲು ಸರಿಸಿದ್ದಕ್ಕೆ ಉತ್ತರ ಬರುವ ತಡಕ್ಕೆ ಹಳೆಯ ಮಿತಿ 150 ಮಿಲಿಸೆಕೆಂಡ್, ಹೊಸ ಮಾನದಂಡದಲ್ಲಿ 100. ನಿಮ್ಮದನ್ನು ಮೊಬೈಲಿನಿಂದಲೇ ಅಳೆಯಬಹುದು: ಕೈ ಮತ್ತು ಪರದೆ ಎರಡೂ ಕಾಣುವಂತೆ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆದು, ಕೋಲು ಸರಿದ ಫ್ರೇಮಿನಿಂದ ದಿಗಂತ ಅಲುಗಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ 4.2 ಮಿಲಿಸೆಕೆಂಡ್, 30 ಫ್ರೇಮ್ ಅಂದರೆ 125. 36 ದಾಟಿದರೆ ಇಳಿಯುವಾಗ ಮೂತಿ ಮೇಲೆ ಕೆಳಗೆ ತೊನೆಯುತ್ತದೆ. ತಪ್ಪು ನಿಮ್ಮದೆಂದು ತಿಳಿದು ಇನ್ನೂ ಜೋರಾಗಿ ತಿದ್ದಲು ಹೋಗುತ್ತೀರಿ. ಚಿತ್ರದ ಗುಣಮಟ್ಟ ಇಳಿಸಿ ಫ್ರೇಮ್ ದರ ಏರಿಸಿ, ವಿ-ಸಿಂಕ್ ತೆಗೆದು ನೋಡಿ.

ಕದಲುವ ಕ್ಯಾಬಿನ್ ಇಲ್ಲವೆಂದು ಮಾತ್ರ ಹೆಚ್ಚು ಕೊರಗಬೇಡಿ. ಲೆವೆಲ್ ಡಿಯ ಆರು ಕಾಲಿನ ವೇದಿಕೆಯ ಒಂದೊಂದು ಕಾಲು ಒಂದೂವರೆ ಮೀಟರಿನಷ್ಟು ಚಾಚಬಲ್ಲದು, ಅದರಿಂದ ಓಟದ ಎಳೆತವನ್ನು ಬಹಳ ಹೊತ್ತು ಕೊಡಲು ಸಾಧ್ಯವಿಲ್ಲ. ಅದಕ್ಕೆ ಕ್ಯಾಬಿನ್ನನ್ನೇ ಗೊತ್ತಾಗದಷ್ಟು ನಿಧಾನವಾಗಿ ಹಿಂದಕ್ಕೆ ವಾಲಿಸುತ್ತಾರೆ. ಚಿಗರಿ ಬಸ್ಸು ನಿಲ್ದಾಣ ಬಿಟ್ಟು ರಭಸದಿಂದ ಹೊರಟಾಗ ಬೆನ್ನು ಸೀಟಿಗೆ ಒತ್ತಿದಂತೆಯೇ ಅನ್ನಿಸುತ್ತದೆ, ಒತ್ತುವುದು ಮಾತ್ರ ನಿಮ್ಮದೇ ಭಾರ. 20 ಡಿಗ್ರಿ ವಾಲಿಸಿದರೆ ಗುರುತ್ವದ ಮೂರನೇ ಒಂದು ಪಾಲು ಸಿಗುತ್ತದೆ. 60 ಡಿಗ್ರಿ ವಾಲಿದ ತಿರುವಿನಲ್ಲಿ ಮೈ ಇಮ್ಮಡಿ ಭಾರವಾಗುವುದನ್ನು ಅದೂ ಕೊಡಲಾರದು.

ಹವೆಯ ವಿಷಯದಲ್ಲಿ ಸಿಮ್ಯುಲೇಟರುಗಳು ಸುಧಾರಿಸಿವೆ, ಗುಡ್ಡದ ಮೇಲೇರುವ ಗಾಳಿಯನ್ನು ತೋರಿಸುತ್ತವೆ. ಆಷಾಢದ ಪಶ್ಚಿಮದ ಗಾಳಿ ಕಪ್ಪತಗುಡ್ಡಕ್ಕೆ ಬಡಿದು ಗದಗಿನ ವಿಂಡ್‌ಮಿಲ್ಲುಗಳನ್ನು ತಿರುಗಿಸುವಾಗ ಗಾಳಿಗೆ ಎದುರಿನ ಮಗ್ಗುಲಲ್ಲಿ ಏರು, ಹಿಂದಿನ ಮಗ್ಗುಲಲ್ಲಿ ಇಳಿತ ಇರುವುದು ಅಲ್ಲಿ ಸಿಗುತ್ತದೆ. ಹಿಂದಿನ ಮಗ್ಗುಲಲ್ಲಿ ಕ್ಷಣಕ್ಷಣಕ್ಕೂ ಒಡೆಯುವ ಸಣ್ಣ ಸುಳಿಗಳು ಸಿಗುವುದಿಲ್ಲ, ಸಣ್ಣ ವಿಮಾನವನ್ನು ಕುಲುಕುವುದು ಅವೇ.

ಹಾಗಾದರೆ ಏನು ಅಭ್ಯಾಸ ಮಾಡಬೇಕು? ಚೆಕ್‌ಲಿಸ್ಟ್, ರೇಡಿಯೊ ಮಾತಿನ ಕ್ರಮ, ಉಪಕರಣಗಳ ಮೇಲೆ ಕಣ್ಣು ಸುತ್ತಿಸುವುದು, ದಾರಿ ತೋರುವ ರೇಡಿಯೊ ಸಂಕೇತವಾದ ವಿಒಆರ್, ಇಳಿಯಲು ದಾರಿ ತೋರುವ ಐಎಲ್‌ಎಸ್. ಇವುಗಳಲ್ಲಿ ಮನೆಯ ಸಿಮ್ಯುಲೇಟರ್ ಬಹಳ ನಂಬಿಕಸ್ಥ. ಬೆಳಗಾವಿಯಿಂದ ಹುಬ್ಬಳ್ಳಿಗೆ ಸುಮಾರು 40 ನಾಟಿಕಲ್ ಮೈಲು. ನಕ್ಷೆ ಹಿಡಿದು, ಜಿಪಿಎಸ್ ಮುಚ್ಚಿ, ಹೆದ್ದಾರಿ, ರೈಲು ಹಳಿ, ಉಣಕಲ್ ಕೆರೆ ಗುರುತಿಸುತ್ತ ಹಾರಿ. ಪ್ರತಿ ಗುರುತಿಗೆ ಬರೆದ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಎಷ್ಟು ಅಂತರ ಬಂತೆಂದು ನೋಡಿ. ಫ್ಲೇರ್, ಅಡ್ಡಗಾಳಿಯಲ್ಲಿ ನೆಲದ ಓಟ, ಸ್ಟಾಲ್ ಬಿಡಿಸುವುದು ಈ ಮೂರನ್ನು ಮಾತ್ರ ಬೋಧಕರ ಪಕ್ಕದಲ್ಲಿ ಕುಳಿತು ಹೊಸದಾಗಿ ಕಲಿಯಿರಿ. ಮನೆಯಲ್ಲಿ ಅವನ್ನು ನೂರು ಸಲ ತಿದ್ದಿ ಬಿಗಿ ಮಾಡಿಕೊಂಡು ಹೋಗಬೇಡಿ.

ತಾಸಿನ ಲೆಕ್ಕ: ಮನೆಯ ಸಿಮ್ಯುಲೇಟರಿನ ಒಂದು ನಿಮಿಷವನ್ನೂ ಲಾಗ್‌ಬುಕ್ಕಿಗೆ ಬರೆಯಲು ಬರುವುದಿಲ್ಲ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮದಲ್ಲಿ ಕಮರ್ಷಿಯಲ್ ಲೈಸನ್ಸಿಗೆ 200 ತಾಸು ಹಾರಾಟ ಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗಿಗೆ (ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಕೇಳುವ 40 ತಾಸಿನಲ್ಲಿ 20ರವರೆಗೆ ಸಿಮ್ಯುಲೇಟರಿನದು ನಡೆಯುತ್ತದೆ, ಆದರೆ ಅದು ಅವರು ಮಂಜೂರು ಮಾಡಿದ ಯಂತ್ರವಾಗಿರಬೇಕು.

ಕೊಳ್ಳುವುದಾದರೆ ಪೆಡಲ್ ಮೊದಲು. ಯೋಕ್ ನೋಡಲು ಸೆಸ್ನಾದಂತಿದ್ದರೂ ಒಳಗಿರುವುದು ಅದೇ ಸ್ಪ್ರಿಂಗ್. ಪೆಡಲ್ ಇಲ್ಲದೆ ಜಾಯ್‌ಸ್ಟಿಕ್ ತಿರುಚುತ್ತಿದ್ದರೆ ಬಲಗಾಲಿಗೆ ಕೆಲಸವೇ ಗೊತ್ತಾಗುವುದಿಲ್ಲ, ಏಲೆರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಹಲಗೆ) ಜೊತೆ ರಡ್ಡರ್ ಬೆರೆತು ಹೋಗುತ್ತದೆ. ಕೊಂಡ ಮೇಲೆ ಎಡ, ಬಲ, ಎರಡೂ ಬ್ರೇಕ್ ಬೇರೆ ಬೇರೆಯಾಗಿ ಕ್ಯಾಲಿಬ್ರೇಟ್ ಮಾಡಿ. ಬ್ರೇಕಿನ ಅಕ್ಷ ತಿರುವುಮುರುವಾಗಿದ್ದರೆ ಕಾಲು ತೆಗೆದಾಗಲೇ ಪೂರ್ತಿ ಬ್ರೇಕ್ ಹಿಡಿದು ವಿಮಾನ ಜಾಗ ಬಿಡುವುದಿಲ್ಲ. ಪೆಡಲನ್ನು ಗೋಡೆಗೆ ತಾಗಿಸಿ ಇಡಿ, ಗಾಲಿ ಇರುವ ಕುರ್ಚಿ ಬಿಟ್ಟು ನಾಲ್ಕು ಕಾಲಿನ ಕುರ್ಚಿಯಲ್ಲಿ ಕೂಡ್ರಿ. ಇಲ್ಲದಿದ್ದರೆ ಬಲಗಾಲು ಒತ್ತಿದಾಗಲೆಲ್ಲ ರಡ್ಡರಿನ ಬದಲು ಕುರ್ಚಿ ಹಿಂದಕ್ಕೆ ಹೋಗುತ್ತದೆ.